ಹೋದ ದಾರಿ, ಮರಳಿದ ದಾರಿ: ನಟಿ ಡೊಲೊರೆಸ್ ಡೆಲ್ ರಿಯೊ

ವಿದೇಶಕ್ಕೆ ಹೋಗಿ ಹೆಸರು ಮಾಡಿದವರ ಕಥೆಗಳನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಹೆಸರು ಮಾಡಿದ ಮೇಲೂ ಅಲ್ಲಿ ಸಿಗದೇ ಹೋದದ್ದನ್ನು ಹುಡುಕಿಕೊಂಡು ಸ್ವಂತ ನಾಡಿಗೆ ಮರಳಿದವರ ಕಥೆ ಮಾತ್ರ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಈ ಸಲ ನಾನು ಅಂಥ ಒಬ್ಬ ಕಲಾವಿದೆಯ ಬಗ್ಗೆ ಬರೆಯುತ್ತಿದ್ದೇನೆ. ಅವರು ಮೆಕ್ಸಿಕೊ ದೇಶದ ಡೊಲೊರೆಸ್ ಡೆಲ್ ರಿಯೊ. ಲ್ಯಾಟಿನ್ ಅಮೆರಿಕದಿಂದ ಹೋಗಿ ಹಾಲಿವುಡ್‌ನಲ್ಲಿ ದೊಡ್ಡ ತಾರೆಯರಾದ ಮೊದಲಿಗರಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ.

ಡೊಲೊರೆಸ್ ಹುಟ್ಟಿದ್ದು 1904ರ ಆಗಸ್ಟ್ 3ರಂದು, ಉತ್ತರ ಮೆಕ್ಸಿಕೊದ ಡುರಾಂಗೊ ಪಟ್ಟಣದಲ್ಲಿ. ತಂದೆ ಬ್ಯಾಂಕಿನ ದೊಡ್ಡ ಅಧಿಕಾರಿ. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. 1910ರಲ್ಲಿ ಮೆಕ್ಸಿಕೊ ಕ್ರಾಂತಿ ಆರಂಭವಾದಾಗ ಆ ಸಿರಿತನವೇ ಅಪಾಯಕ್ಕೆ ಕಾರಣವಾಯಿತು. ತಂದೆ ಗಡಿ ದಾಟಿ ಅಮೆರಿಕಕ್ಕೆ ಹೋದರು. ತಾಯಿ ಮತ್ತು ಮಗಳು ರಾಜಧಾನಿ ಮೆಕ್ಸಿಕೊ ಸಿಟಿಯಲ್ಲಿ ಆಶ್ರಯ ಪಡೆದರು. ಅಲ್ಲಿ ಡೊಲೊರೆಸ್ ಫ್ರೆಂಚ್ ಕಾನ್ವೆಂಟಿನಲ್ಲಿ ಓದಿದರು, ನೃತ್ಯ ಕಲಿತರು. ನಮ್ಮ ವಯಸ್ಸಿನಲ್ಲೇ, 16 ತುಂಬಿದಾಗ, ಹೈಮೆ ಮಾರ್ಟಿನೆಸ್ ಡೆಲ್ ರಿಯೊ ಎಂಬ ಶ್ರೀಮಂತ ಮನೆತನದ ಯುವಕನೊಂದಿಗೆ ಮದುವೆಯೂ ಆಯಿತು. ಜಗತ್ತು ಗುರುತಿಸುವ ಅವರ ಹೆಸರಿನ ಕೊನೆಯ ಭಾಗ ಬಂದದ್ದು ಹೀಗೆ.

1925ರಲ್ಲಿ ಮೆಕ್ಸಿಕೊಗೆ ಬಂದಿದ್ದ ಹಾಲಿವುಡ್ ನಿರ್ದೇಶಕ ಎಡ್ವಿನ್ ಕ್ಯಾರ್ವಿ ಅವರನ್ನು ಕಂಡು ಸಿನಿಮಾಕ್ಕೆ ಕರೆದರು. ದೊಡ್ಡ ಮನೆತನದ ಹೆಣ್ಣುಮಗಳು ತೆರೆಯ ಮೇಲೆ ಕಾಣಿಸಿಕೊಳ್ಳುವುದನ್ನು ಬಂಧುಬಳಗ ಮೆಚ್ಚಲಿಲ್ಲ. ಆದರೂ ಪತಿ ಪತ್ನಿ ಇಬ್ಬರೂ ಹೊರಟರು. ಆಗ ಅವರಿಗೆ 21 ವರ್ಷ.

ಅವರು ಹೋದ ಕಾಲ ಅವರಿಗೆ ಅನುಕೂಲವಾಗಿತ್ತು ಎಂದು ನನಗೆ ಅನಿಸುತ್ತದೆ. ಅದು ಮೂಕಿ ಚಿತ್ರಗಳ ಕಾಲ. ಪಾತ್ರಗಳ ಮಾತು ದೃಶ್ಯಗಳ ನಡುವೆ ಬರಹದ ಫಲಕಗಳಾಗಿ ಬರುತ್ತಿತ್ತು. ನಟಿಯ ಉಚ್ಚಾರ ಯಾರಿಗೂ ಕೇಳಿಸುತ್ತಿರಲಿಲ್ಲ. ಮುಖ ಮತ್ತು ಕಣ್ಣು ಮಾತಾಡಿದರೆ ಸಾಕಿತ್ತು. 1926ರ 'ವಾಟ್ ಪ್ರೈಸ್ ಗ್ಲೋರಿ'ಯಲ್ಲಿ ಅವರು ಫ್ರೆಂಚ್ ಹುಡುಗಿ. 1927ರಲ್ಲಿ, ಟಾಲ್‌ಸ್ಟಾಯ್ ಅವರ ಕಾದಂಬರಿ ಆಧರಿಸಿದ 'ರಿಸರೆಕ್ಷನ್' ಚಿತ್ರದಲ್ಲಿ ರಷ್ಯಾದ ಹೆಣ್ಣುಮಗಳು. 1928ರ 'ರಮೋನಾ'ದಲ್ಲಿ ಅಮೆರಿಕದ ಮೂಲನಿವಾಸಿಗಳ ರಕ್ತ ಹಂಚಿಕೊಂಡ ಯುವತಿ. ಮೂರೇ ವರ್ಷದಲ್ಲಿ ಅವರು ಮೊದಲ ಸಾಲಿನ ತಾರೆಯಾಗಿದ್ದರು. ಅದೇ ವರ್ಷದ ಕೊನೆಯಲ್ಲಿ, ಅವರಿಂದ ದೂರವಾಗಿದ್ದ ಹೈಮೆ ಬರ್ಲಿನ್‌ನಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು. ಪರದೇಶಗಳಿಂದ ಬಂದ ಎಷ್ಟೋ ಕಲಾವಿದರ ಬದುಕು ಅಲ್ಲಿಗೇ ಮುಗಿಯಿತು. ಡೊಲೊರೆಸ್ ಉಳಿದುಕೊಂಡರು, ಆದರೆ ಅವರ ಇಂಗ್ಲಿಷಿನಲ್ಲಿದ್ದ ಸ್ಪ್ಯಾನಿಷ್ ಛಾಯೆ ಅವರ ಪಾತ್ರಗಳಿಗೆ ಬೇಲಿ ಹಾಕಿತು. 1932ರ 'ಬರ್ಡ್ ಆಫ್ ಪ್ಯಾರಡೈಸ್'ನಲ್ಲಿ ಅವರು ಪೆಸಿಫಿಕ್ ದ್ವೀಪವೊಂದರ ರಾಜಕುಮಾರಿ. 1933ರ 'ಫ್ಲೈಯಿಂಗ್ ಡೌನ್ ಟು ರಿಯೊ'ದಲ್ಲಿ ಬ್ರೆಜಿಲ್‌ನ ಸುಂದರಿ. ಅಮೆರಿಕದ ಒಬ್ಬ ಸಾಮಾನ್ಯ ಶಿಕ್ಷಕಿಯೋ ತಾಯಿಯೋ ಆಗುವ ಅವಕಾಶ ಅವರ ಪಾಲಿಗೆ ಬರಲಿಲ್ಲ. ದೂರದೇಶದ ಚೆಲುವೆ ಎಂಬ ಒಂದೇ ಅಚ್ಚಿನಲ್ಲಿ ಅವರನ್ನು ಮತ್ತೆ ಮತ್ತೆ ಎರಕ ಹೊಯ್ಯಲಾಯಿತು.

ಇಲ್ಲಿ ಇನ್ನೊಂದು ವಿಷಯವಿದೆ. ಪ್ರಚಾರಕರು ಅವರನ್ನು ಸ್ಪೇನ್ ಮೂಲದವರೆಂದು ತೋರಿಸಲು ನೋಡುತ್ತಿದ್ದರು. ಮೆಕ್ಸಿಕನ್ ಎಂಬ ಪದಕ್ಕೆ ಅಲ್ಲಿ ಬೆಲೆ ಕಡಿಮೆ ಇತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಲಕ್ಷಾಂತರ ಮೆಕ್ಸಿಕನ್ ಮೂಲದವರನ್ನು ಅಮೆರಿಕದಿಂದ ಹೊರಗೆ ಕಳುಹಿಸಲಾಯಿತು. ಅವರಲ್ಲಿ ಅಲ್ಲೇ ಹುಟ್ಟಿದ ಮಕ್ಕಳೂ ಇದ್ದರು. ಅಂಥ ದಿನಗಳಲ್ಲೂ ಡೊಲೊರೆಸ್ ತಾವು ಮೆಕ್ಸಿಕನ್ ಎಂದೇ ಹೇಳಿಕೊಂಡರು. ಅವರ ಸೌಂದರ್ಯದ ಬಗ್ಗೆ ಬರೆದವರು ಬಹಳ. ನನಗೆ ಮಾತ್ರ ಈ ನಿಲುವೇ ಹೆಚ್ಚು ಚೆಲುವಾಗಿ ಕಾಣುತ್ತದೆ.

30ರ ದಶಕದ ಕೊನೆಗೆ ಅವಕಾಶಗಳು ಬತ್ತಿದವು. ಎರಡನೆಯ ಪತಿ, ಆಸ್ಕರ್ ಪ್ರತಿಮೆಯನ್ನು ವಿನ್ಯಾಸಗೊಳಿಸಿದ ಸೆಡ್ರಿಕ್ ಗಿಬನ್ಸ್ ಅವರೊಂದಿಗಿನ ದಾಂಪತ್ಯವೂ ಮುರಿದುಬಿತ್ತು. ತಾರೆಯೊಬ್ಬಳಿಗೆ 38 ವಯಸ್ಸೆಂದರೆ ಆಟ ಮುಗಿದಂತೆ ಎಂದು ಚಿತ್ರರಂಗ ನಂಬಿದ್ದ ಕಾಲ ಅದು. ಆ ವಯಸ್ಸಿನಲ್ಲಿ ಅವರು ಗಂಟುಮೂಟೆ ಕಟ್ಟಿಕೊಂಡು ಮೆಕ್ಸಿಕೊಗೆ ಮರಳಿದರು.

ಮರಳಿದವರ ಕೈಯಲ್ಲಿ ಆಗ ಒಂದೇ ಒಂದು ಸ್ಪ್ಯಾನಿಷ್ ಚಿತ್ರವೂ ಇರಲಿಲ್ಲ. ಸುಮಾರು 18 ವರ್ಷ ನಟಿಸಿದ್ದ ಕಲಾವಿದೆ ತೆರೆಯ ಮೇಲೆ ತಾಯಿನುಡಿಯಲ್ಲಿ ನಟಿಸಿದ್ದು 1943ರ 'ಫ್ಲೋರ್ ಸಿಲ್ವೆಸ್ತ್ರೆ'ಯಲ್ಲೇ ಮೊದಲು. ನಿರ್ದೇಶಕ ಎಮಿಲಿಯೊ ಫರ್ನಾಂಡೆಸ್, ಛಾಯಾಗ್ರಾಹಕ ಗೇಬ್ರಿಯಲ್ ಫಿಗೆರೊವಾ, ನಾಯಕ ಪೆದ್ರೊ ಅರ್ಮೆಂದಾರಿಸ್. ಇದೇ ತಂಡ ಮುಂದೆ 'ಮರಿಯಾ ಕ್ಯಾಂಡಲೇರಿಯಾ' ಮಾಡಿತು. ಸೊಚಿಮಿಲ್ಕೊದ ಕಾಲುವೆಗಳ ನಡುವೆ ಹೂವು ಬೆಳೆದು ಮಾರುವ, ಊರಿನವರು ದೂರವಿಟ್ಟ ಬಡ ಮೂಲನಿವಾಸಿ ಹೆಣ್ಣುಮಗಳ ಕಥೆ ಅದು. ಬ್ಯಾಂಕ್ ಅಧಿಕಾರಿಯ ಮಗಳಿಗೆ ಈ ಪಾತ್ರವೂ ದೂರದ್ದೇ ಎಂದು ಯಾರಾದರೂ ಹೇಳಿದರೆ ಅದು ನಿಜ. ಆದರೆ ಆಡಿದ ಮಾತು ಅವರದಾಗಿತ್ತು, ನೆಲ ಅವರದಾಗಿತ್ತು. ಆಭರಣ, ರೇಷ್ಮೆ ಎಲ್ಲ ಬಿಟ್ಟು ಸಾದಾ ಉಡುಗೆಯಲ್ಲಿ ನಿಂತಾಗ ಅವರೊಳಗಿನ ನಟಿ ಎದ್ದು ಕಂಡಳು.

1946ರ ಕಾನ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಅತ್ಯುನ್ನತ ಪ್ರಶಸ್ತಿ ಬಂತು. ಆ ವರ್ಷ ಆ ಗೌರವವನ್ನು ಹಲವು ದೇಶಗಳ ಚಿತ್ರಗಳಿಗೆ ಹಂಚಲಾಗಿತ್ತು. ಅವುಗಳಲ್ಲಿ ಭಾರತದ ಚೇತನ್ ಆನಂದ್ ಅವರ 'ನೀಚಾ ನಗರ್' ಕೂಡ ಒಂದು. ಮೆಕ್ಸಿಕೊದ ಹೂವಾಡಗಿತ್ತಿಯೂ ಭಾರತದ ಬಡವರ ಕೇರಿಯೂ ಒಂದೇ ವೇದಿಕೆಯಲ್ಲಿ ಗೌರವ ಪಡೆದ ಸಂಗತಿ ಓದಿ ನನಗೆ ಬಹಳ ಖುಷಿಯಾಯಿತು. ಮುಂದೆ ಮೆಕ್ಸಿಕೊದ ಶ್ರೇಷ್ಠ ನಟಿಗೆ ಕೊಡುವ ಏರಿಯಲ್ ಪ್ರಶಸ್ತಿ ಡೊಲೊರೆಸ್ ಅವರಿಗೆ ಮೂರು ಬಾರಿ ಸಂದಿತು.

ಹಾಲಿವುಡ್‌ನ ಬಾಗಿಲು ಇನ್ನೊಮ್ಮೆ ಅವರ ಮುಂದೆ ಮುಚ್ಚಿತು. 1954ರಲ್ಲಿ 'ಬ್ರೋಕನ್ ಲ್ಯಾನ್ಸ್' ಚಿತ್ರಕ್ಕೆ ಆಯ್ಕೆಯಾದಾಗ, ಕಮ್ಯುನಿಸ್ಟರ ಕಡೆ ಒಲವಿದೆ ಎಂಬ ಅನುಮಾನದಿಂದ ಅವರಿಗೆ ಅಮೆರಿಕದ ವೀಸಾ ಸಿಗಲಿಲ್ಲ. ಆ ಪಾತ್ರ ಮೆಕ್ಸಿಕೊದವರೇ ಆದ ಕೇಟಿ ಹುರಾದೊ ಅವರಿಗೆ ಹೋಯಿತು. ಆ ಪಾತ್ರಕ್ಕಾಗಿ ಅವರು ಆಸ್ಕರ್‌ಗೆ ನಾಮಕರಣಗೊಂಡರು. ಡೊಲೊರೆಸ್ ಸುಮ್ಮನೆ ಕೂರಲಿಲ್ಲ. 50 ದಾಟಿದ ಮೇಲೆ ರಂಗಭೂಮಿಗೆ ಇಳಿದರು. 1960ರಲ್ಲಿ ಮತ್ತೆ ಹಾಲಿವುಡ್‌ಗೆ ಹೋಗಿ 'ಫ್ಲೇಮಿಂಗ್ ಸ್ಟಾರ್'ನಲ್ಲಿ ಎಲ್ವಿಸ್ ಪ್ರೀಸ್ಲಿಯ ತಾಯಿಯಾಗಿ ನಟಿಸಿದರು.

ಕೊನೆಯ ವರ್ಷಗಳಲ್ಲಿ ಅವರು ಮಾಡಿದ ಕೆಲಸ ನನ್ನ ಮನಸ್ಸಿಗೆ ತುಂಬಾ ಹಿಡಿಸಿತು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೂ ದುಡಿಯುವ ನಟಿಯರ ಮಕ್ಕಳಿಗಾಗಿ ಮೆಕ್ಸಿಕೊ ಸಿಟಿಯಲ್ಲಿ ಶಿಶುವಿಹಾರವೊಂದನ್ನು ಕಟ್ಟಲು ಮುಂದೆ ನಿಂತು ದುಡಿದರು. ತಾಯಂದಿರು ಚಿತ್ರೀಕರಣಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವವರು ಬೇಕಲ್ಲವೇ? ಆ ಚಿಂತೆ ಅವರಿಗಿತ್ತು. 1983ರ ಏಪ್ರಿಲ್ 11ರಂದು ಕ್ಯಾಲಿಫೋರ್ನಿಯಾದಲ್ಲಿ ಅವರು ನಿಧನರಾದರು. ಇಂದು ಅವರ ಅವಶೇಷಗಳು ಮೆಕ್ಸಿಕೊ ಸಿಟಿಯಲ್ಲಿ, ನಾಡಿನ ಗಣ್ಯರ ಸಮಾಧಿಗಳ ನಡುವೆ ಇವೆ.

ನಮ್ಮಲ್ಲಿ ಎಷ್ಟೋ ಮಂದಿ ಪಿಯುಸಿ ಮುಗಿಸಿ ದೂರದ ಊರುಗಳ, ಪರದೇಶಗಳ ಕನಸು ಕಾಣುತ್ತಿದ್ದೇವೆ. ಕನಸು ಕಾಣೋಣ, ಹೋಗೋಣ. ಹೋದವರು ಮರಳಿ ಬಂದರೆ ಅವರನ್ನು ಸೋತು ಬಂದವರೆಂದು ಕರೆಯುವ ರೂಢಿಯನ್ನು ಮಾತ್ರ ಬಿಡೋಣ. ಡೊಲೊರೆಸ್ ಹೊರಟಾಗ ಅವರ ಬಳಿ ಪ್ರತಿಭೆ ಇತ್ತು. ಮರಳುವಾಗ ಅದರ ಜೊತೆಗೆ 18 ವರ್ಷದ ಅನುಭವವೂ ಇತ್ತು. ಅದನ್ನೆಲ್ಲ ಸುರಿದು ಮಾಡಿದ ಕೆಲಸಕ್ಕೇ ಜಗತ್ತಿನ ದೊಡ್ಡ ಮನ್ನಣೆ ಬಂತು. ಅವರ ಬದುಕಿನಿಂದ ನಾನು ಕಲಿತದ್ದು ಇಷ್ಟು: ಹೋಗುವುದಕ್ಕೆ ಧೈರ್ಯ ಬೇಕು, ಮರಳುವುದಕ್ಕೆ ಇನ್ನೂ ಹೆಚ್ಚು ಬೇಕು.