ಲೊಮೊನೊಸೊವ್ ಮತ್ತು ಒತ್ತಿಲ್ಲದ ‘ಒ’

ಮಿಖಾಯಿಲ್ ಲೊಮೊನೊಸೊವ್ ಅವರ ಮನೆತನದ ಹೆಸರಿನಲ್ಲಿ ನಾಲ್ಕು ‘ಒ’ಗಳಿವೆ. ಮಾಸ್ಕೋ ಉಚ್ಚಾರದಲ್ಲಿ ಒತ್ತು ಬೀಳುವ ಮೂರನೆಯದಷ್ಟೇ ‘ಒ’ ಆಗಿ ಕೇಳುತ್ತದೆ. ಉಳಿದವು ಸಡಿಲಗೊಂಡು ‘ಅ’ಕಾರದತ್ತ ಜಾರುತ್ತವೆ. ಅವರು 1711ರಲ್ಲಿ ಹುಟ್ಟಿದ ಉತ್ತರದ ಖೊಲ್ಮೊಗೊರಿ ಸೀಮೆಯಲ್ಲಾದರೋ ಒತ್ತಿಲ್ಲದ ‘ಒ’ ಕೂಡ ‘ಒ’ ಆಗಿಯೇ ಉಳಿಯುತ್ತಿತ್ತು.

ಮೀನುಗಾರನ ಮಗ. 19ನೇ ವಯಸ್ಸಿನಲ್ಲಿ ಓದಲೆಂದು ಮಾಸ್ಕೋಗೆ ಹೊರಟರು. ಅಲ್ಲಿ ಲ್ಯಾಟಿನ್ ತರಗತಿಯ ಚಿಕ್ಕ ಹುಡುಗರು ಅವರ ವಯಸ್ಸು ನೋಡಿ ನಕ್ಕರು. 1755ರಲ್ಲಿ ರಷ್ಯನ್ ವ್ಯಾಕರಣ ಬರೆದಾಗ ಮಾಸ್ಕೋ ಉಚ್ಚಾರವೇ ಇಂಪೆಂದು ಒಪ್ಪಿದರು. ಆದರೂ ತಮ್ಮ ಉತ್ತರದ ನುಡಿಯನ್ನು ಒಂದು ಉಪಭಾಷೆಯೆಂದೇ ಹೆಸರಿಸಿದರು.

ಅಭ್ಯಾಸ ಬೋಧನೆಯಲ್ಲಿ ನಾನು ಮಗುವೊಂದರ ಮನೆಮಾತಿನ ಉಚ್ಚಾರವನ್ನು ತಪ್ಪೆಂದಿದ್ದೆ. ಆ ಮಗು ಅಂದು ಮತ್ತೆ ಬಾಯಿ ತೆರೆಯಲಿಲ್ಲ. ಈಗ ಕಪ್ಪುಹಲಗೆಯ ಮೇಲೆ ಎರಡೂ ರೂಪಗಳನ್ನು ಬರೆಯುತ್ತೇನೆ.