ಡಾ. ವಿಲಿಯಂ ಜಾನ್ ಲಿಟಲ್: ಮಕ್ಕಳ ಚಲನೆಯನ್ನು ಗಮನಿಸಿದ ವೈದ್ಯ

ಸೆರೆಬ್ರಲ್ ಪಾಲ್ಸಿಯ ಒಂದು ಬಗೆಯಲ್ಲಿ ಮಗುವಿನ ಕೈಕಾಲುಗಳು ಬಿಗಿದುಕೊಳ್ಳುತ್ತವೆ. ಇದನ್ನು ಬಹುಕಾಲ ಲಿಟಲ್ ಕಾಯಿಲೆ ಎಂದೇ ಕರೆಯುತ್ತಿದ್ದರು. ಈ ಹೆಸರಿಗೆ ಕಾರಣರಾದ ವಿಲಿಯಂ ಜಾನ್ ಲಿಟಲ್ ಅವರ ಬದುಕು ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೂ ಪಾಠವಾಗಿದೆ.

ಲಿಟಲ್ 1810ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಎಳವೆಯಲ್ಲಿ ಬಂದ ಪೋಲಿಯೊದಿಂದ ಅವರ ಎಡಪಾದ ತಿರುಚಿಕೊಂಡಿತು. ಕುಂಟುತ್ತಲೇ ಓದಿ ವೈದ್ಯರಾದರು. 1836ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಸ್ಟ್ರೋಮೆಯರ್ ಎಂಬ ಶಸ್ತ್ರವೈದ್ಯರು ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಕತ್ತರಿಸಿ ಅವರ ಪಾದವನ್ನು ಸರಿಪಡಿಸಿದರು. ಲಿಟಲ್ ಆ ವಿಧಾನವನ್ನು ಕಲಿತು ಲಂಡನ್ನಿಗೆ ಮರಳಿದರು. 1840ರಲ್ಲಿ ಅಲ್ಲಿ ಮೂಳೆ ಮತ್ತು ಕೀಲುಗಳ ಚಿಕಿತ್ಸಾಲಯವೊಂದು ಅವರಿಂದ ಆರಂಭವಾಯಿತು.

ಆಗ ಎಕ್ಸ್-ರೇ ಇರಲಿಲ್ಲ, ಸ್ಕ್ಯಾನ್ ಇರಲಿಲ್ಲ. ಮಗು ಹೇಗೆ ನಿಲ್ಲುತ್ತದೆ, ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆಯೇ, ತುದಿಗಾಲಲ್ಲಿ ನಡೆಯುತ್ತದೆಯೇ, ಕೈ ಎಷ್ಟು ಬಳಸುತ್ತದೆ ಎಂಬುದನ್ನು ಅವರು ಕಣ್ಣಾರೆ ನೋಡಿ ಬರೆದಿಟ್ಟರು. ಹುಟ್ಟಿದಾಗ ಏನಾಯಿತೆಂದೂ ವಿಚಾರಿಸಿದರು. ಅವಧಿಗೆ ಮುನ್ನ ಜನನ, ಕಷ್ಟದ ಹೆರಿಗೆ, ಹುಟ್ಟುವಾಗ ಉಸಿರುಗಟ್ಟುವುದು ಇದಕ್ಕೆ ಕಾರಣವೆಂದು 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಮಂಡಿಸಿದರು. ಅಂಗಗಳು ಬಿಗಿದಿದ್ದರೂ ಕೆಲವು ಮಕ್ಕಳ ಬುದ್ಧಿ ಚೆನ್ನಾಗಿಯೇ ಇರುತ್ತದೆ ಎಂಬುದನ್ನೂ ಗುರುತಿಸಿದರು. 1894ರಲ್ಲಿ ಅವರು ತೀರಿಕೊಂಡರು. ಮೂರು ವರ್ಷಗಳ ಬಳಿಕ ಸಿಗ್ಮಂಡ್ ಫ್ರಾಯ್ಡ್, ತೊಂದರೆ ಗರ್ಭದಲ್ಲೇ ಆರಂಭವಾಗಿರಬಹುದು ಎಂದು ವಾದಿಸಿದರು. ಕಾರಣದ ಚರ್ಚೆ ಮುಂದುವರಿಯಿತು. ನೋಡುವ ಕ್ರಮ ಉಳಿಯಿತು.

1997ರಲ್ಲಿ ಕೆನಡಾದ ಸಂಶೋಧಕರು ರೂಪಿಸಿದ ಐದು ಹಂತಗಳ ವರ್ಗೀಕರಣವೂ ಇಂಥ ವೀಕ್ಷಣೆಯನ್ನೇ ಆಧರಿಸಿದೆ. ಮಗು ತಾನಾಗಿ ಕೂರುವುದೇ, ನಡೆಯುವುದೇ, ಊರುಗೋಲು ಅಥವಾ ಗಾಲಿಕುರ್ಚಿ ಬೇಕೇ ಎಂಬುದನ್ನು ವಯಸ್ಸಿಗೆ ತಕ್ಕಂತೆ ಅದು ನೋಡುತ್ತದೆ. ಒಮ್ಮೆ ಪ್ರಯತ್ನಪಟ್ಟು ಮಾಡಿ ತೋರಿಸಿದ್ದು ಮುಖ್ಯವಲ್ಲ. ಮನೆಯಲ್ಲಿ, ಶಾಲೆಯಲ್ಲಿ ದಿನವೂ ಮಾಡುವುದು ಮುಖ್ಯ. ಈ ಹಂತ ಚಲನೆಯನ್ನಷ್ಟೇ ಹೇಳುತ್ತದೆ, ಬುದ್ಧಿಯನ್ನಲ್ಲ.

ಬೋಧನಾಭ್ಯಾಸದ ವೇಳೆ ಆರನೇ ತರಗತಿಯಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಹುಡುಗನೊಬ್ಬ ಹೂವಿನ ಚಿತ್ರವನ್ನು ಅರ್ಧಕ್ಕೇ ಬಿಟ್ಟಿದ್ದ. ನಾನು ಅಂಕ ಕಳೆದೆ. ಮರುದಿನ ಬಾಯಲ್ಲಿ ಕೇಳಿದಾಗ ಹೂವಿನ ಭಾಗಗಳನ್ನೆಲ್ಲ ತಪ್ಪಿಲ್ಲದೆ ಹೇಳಿದ. ನಾನು ಅಳೆದದ್ದು ಅವನ ಬೆರಳುಗಳನ್ನು, ವಿಜ್ಞಾನವನ್ನಲ್ಲ. ರೋಗನಿರ್ಣಯ ನಮ್ಮ ಕೆಲಸವಲ್ಲ; ಅಂಕ ಹಾಕುವ ಮೊದಲು ಮಗುವನ್ನು ಸರಿಯಾಗಿ ಗಮನಿಸುವುದು ನಮ್ಮ ಕೆಲಸವೇ.