ಸರ್ ಪ್ಯಾಟ್ರಿಕ್ ಗೆಡ್ಡಿಸ್ (1854–1932): ಹಳೆಯ ಕೇರಿಗಳ ಸುಧಾರಣೆ ಮತ್ತು ನಿವಾಸಿಗಳ ಪಾಲು

ವಸತಿ ಪ್ರದೇಶಗಳ ಸುಧಾರಣೆಗೆ ಸಂಬಂಧಿಸಿದ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ, ನಗರ ಯೋಜನಾ ತಜ್ಞರಾದ ಸರ್ ಪ್ಯಾಟ್ರಿಕ್ ಗೆಡ್ಡಿಸ್ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಗೆಡ್ಡಿಸ್ ಅವರು 1854ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬ ಊರಿನಲ್ಲಿ ಜನಿಸಿದರು. ಇವರ ಮೂಲ ವಿಷಯ ಜೀವಶಾಸ್ತ್ರ. 1879ರಲ್ಲಿ ಮೆಕ್ಸಿಕೋದಲ್ಲಿದ್ದಾಗ ಕೆಲಕಾಲ ದೃಷ್ಟಿ ಮಂದವಾದ ಕಾರಣ ಸೂಕ್ಷ್ಮದರ್ಶಕದ ಕೆಲಸ ಕಷ್ಟವಾಯಿತು. ಕ್ರಮೇಣ ಇವರ ಆಸಕ್ತಿ ಜನವಸತಿಗಳತ್ತ ಹೊರಳಿತು.

1886ರಲ್ಲಿ ಅನ್ನಾ ಮಾರ್ಟನ್ ಅವರನ್ನು ವಿವಾಹವಾದ ಇವರು ಎಡಿನ್‌ಬರೋ ನಗರದ ಜೇಮ್ಸ್ ಕೋರ್ಟ್ ಎಂಬಲ್ಲಿ ಮನೆ ಹೂಡಿದರು. ಉಳ್ಳವರು ಬಿಟ್ಟುಹೋದ, ಬಡವರು ಕಿಕ್ಕಿರಿದು ವಾಸಿಸುತ್ತಿದ್ದ ಹಳೆಯ ವಠಾರವದು. ದಂಪತಿಗಳು ಗುಡಿಸುವ, ಸುಣ್ಣ ಬಳಿಯುವ ಕೆಲಸವನ್ನು ಸ್ವತಃ ಆರಂಭಿಸಿದರು. ನೆರೆಯವರೂ ಕೈಜೋಡಿಸಿದರು. ಕಿಟಕಿಗಳಲ್ಲಿ ಹೂಗಿಡಗಳು ಬಂದವು. ಮುಂದೆ ಹಲವು ಹಳೆಯ ಕಟ್ಟಡಗಳ ದುರಸ್ತಿಯನ್ನೂ ಕೈಗೊಂಡರು. ಆದರೆ ಲೆಕ್ಕಪತ್ರದಲ್ಲಿ ಇವರು ಅಷ್ಟು ನಿಪುಣರಲ್ಲ; ಸಾಲದ ಹೊರೆ ಹೆಚ್ಚಿ, 1896ರಲ್ಲಿ ಈ ಆಸ್ತಿಗಳ ನಿರ್ವಹಣೆಗೆ ಪ್ರತ್ಯೇಕ ಸಂಸ್ಥೆಯನ್ನೇ ಸ್ಥಾಪಿಸಬೇಕಾಯಿತು.

ಮದ್ರಾಸ್ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಅವರ ಆಹ್ವಾನದ ಮೇರೆಗೆ 1914ರಲ್ಲಿ ಭಾರತಕ್ಕೆ ಬಂದರು. ಇವರ ನಗರ ಪ್ರದರ್ಶನದ ಸಾಮಗ್ರಿ ತುಂಬಿದ್ದ ಹಡಗನ್ನು ಜರ್ಮನಿಯ ಎಮ್ಡೆನ್ ಯುದ್ಧನೌಕೆ ಮುಳುಗಿಸಿತು. ಸ್ನೇಹಿತರು ಹೊಸದಾಗಿ ಸಾಮಗ್ರಿ ಸಂಗ್ರಹಿಸಿ ಕಳುಹಿಸಿದರು. ನಂತರ ಇವರು ಹಲವು ಊರುಗಳಿಗೆ ಭೇಟಿ ನೀಡಿ ವರದಿ ಸಿದ್ಧಪಡಿಸಿದರು. ಅಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಅವುಗಳಲ್ಲಿ ಒಂದು.

ಆ ಕಾಲದಲ್ಲಿ ಇಕ್ಕಟ್ಟಾದ ಕೇರಿಗಳ ನಡುವೆ ನೇರ ರಸ್ತೆ ಹಾಯಿಸಿ, ಅಡ್ಡ ಬಂದ ಮನೆಗಳನ್ನು ಕೆಡವುವುದು ರೂಢಿಯಾಗಿತ್ತು. ಮನೆ ಕಳೆದುಕೊಂಡವರು ಪಕ್ಕದ ಕೇರಿಗೆ ಸೇರಿ ಅಲ್ಲಿನ ದಟ್ಟಣೆ ಇನ್ನಷ್ಟು ಹೆಚ್ಚುತ್ತದೆ, ವೆಚ್ಚವೂ ಅಧಿಕ ಎಂಬುದು ಗೆಡ್ಡಿಸ್ ಅವರ ಆಕ್ಷೇಪ. ಇವರು ಪ್ರತಿ ಓಣಿಯನ್ನೂ ನಡೆದು ನೋಡುತ್ತಿದ್ದರು. ಪಾಳುಬಿದ್ದ ಮನೆ, ಖಾಲಿ ನಿವೇಶನ, ಬಾವಿ, ಗುಡಿ, ಮರಗಳನ್ನು ನಕ್ಷೆಯಲ್ಲಿ ಗುರುತಿಸುತ್ತಿದ್ದರು. ತೀರಾ ಶಿಥಿಲವಾದ ಕೆಲವನ್ನಷ್ಟೇ ತೆಗೆಸಿ, ಆ ಜಾಗವನ್ನು ಕೇರಿಯವರ ಬಳಕೆಗೆ ಬಿಡಲು ಸೂಚಿಸುತ್ತಿದ್ದರು. ಹೀಗೆ ಮಾಡಿದಲ್ಲಿ ಬಹುಪಾಲು ನಿವಾಸಿಗಳು ಇದ್ದಲ್ಲಿಯೇ ಉಳಿಯುತ್ತಿದ್ದರು.

ಇಂದೋರ್‌ನಲ್ಲಿ ಇವರು ಅನುಸರಿಸಿದ ಕ್ರಮ ವಿಶಿಷ್ಟವಾದುದು. ಅಲ್ಲಿ ಪ್ಲೇಗಿನ ಹಾವಳಿಯಿತ್ತು. ನಕ್ಷೆ ಹಿಡಿದು ತಿರುಗುವ ಈ ದೊರೆಯನ್ನು ಕಂಡರೆ ಜನರಿಗೂ ಭಯವಿತ್ತು. ಗೆಡ್ಡಿಸ್ ಅವರು ಮಹಾರಾಜರ ಒಪ್ಪಿಗೆ ಪಡೆದು ಒಂದು ದಿನದ ಮಹಾರಾಜರಾದರು. ದೀಪಾವಳಿಯ ಮೆರವಣಿಗೆಯು ಅತ್ಯಂತ ಸ್ವಚ್ಛವಾದ, ಮನೆಗಳನ್ನು ದುರಸ್ತಿ ಮಾಡಿಕೊಂಡ ಬೀದಿಗಳಲ್ಲಿಯೇ ಸಾಗುವುದೆಂದು ಸಾರಲಾಯಿತು. ಜನರು ಪೈಪೋಟಿಯಿಂದ ಕಸವನ್ನು ಬಂಡಿಗಟ್ಟಲೆ ಹೊರಸಾಗಿಸಿದರು. ಮೆರವಣಿಗೆಯಲ್ಲಿ ಪೌರಕಾರ್ಮಿಕರು ಹೊಸ ಬಟ್ಟೆ ತೊಟ್ಟು ಗೌರವದಿಂದ ನಡೆದರು. ಪ್ಲೇಗಿನ ಇಲಿಯ ದೊಡ್ಡ ಪ್ರತಿಕೃತಿಯನ್ನು ಕೊನೆಯಲ್ಲಿ ಸುಡಲಾಯಿತು. ಉತ್ಸವ ಒಂದು ದಿನದ್ದು, ಅದೂ ಅರಸರ ಅಪ್ಪಣೆಯಿಂದ ನಡೆದದ್ದು ಎಂಬುದನ್ನು ಮರೆಯಲಾಗದು. ಇಂದೋರ್ ಕುರಿತ ಇವರ ವಿಸ್ತೃತ ವರದಿ 1918ರಲ್ಲಿ ಪ್ರಕಟವಾಯಿತು.

1917ರಲ್ಲಿ ಹಿರಿಯ ಮಗ ಯುದ್ಧದಲ್ಲಿ ಮಡಿದರು. ಅದೇ ವರ್ಷ ಪತ್ನಿ ಅನ್ನಾ ಭಾರತದಲ್ಲಿಯೇ ನಿಧನರಾದರು. ಆದಾಗ್ಯೂ ಗೆಡ್ಡಿಸ್ ಕೆಲಸ ನಿಲ್ಲಿಸಲಿಲ್ಲ. 1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರನೀತಿಯ ಪ್ರಾಧ್ಯಾಪಕರಾಗಿದ್ದು, ಬಳಿಕ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ನೆಲೆಸಿದರು. 1932ರಲ್ಲಿ ಸರ್ ಪದವಿ ದೊರೆಯಿತು. ಅದೇ ವರ್ಷದ ಏಪ್ರಿಲ್ 17ರಂದು ಅಲ್ಲಿಯೇ ನಿಧನರಾದರು.